ಮಾರನೆ ದಿನ ಬೀದಿ ಗುಡಿಸಿದವರು ಯಾರು?

ಏಕಾಂಕ ನಾಟಕದ ರಸಾಸ್ವಾದದ ಬಗ್ಗೆ ಕಾಲೇಜಿನಲ್ಲಿ ಬರೆಸಿದ ನೋಟ್ಸು ನನ್ನ ಹತ್ತಿರ ಇನ್ನೂ ಇದೆ. ಒಂದೇ ಅಂಕ, ಒಂದೇ ಜಾಗ, ಕಮ್ಮಿ ಪಾತ್ರ, ಒಂದು ಸಂಘರ್ಷ, ಕೊನೆಗೊಂದು ತಿರುವು. ಇಂಗ್ಲಿಷಿನಿಂದ ಬಂತು, ಕೈಲಾಸಂ ಬೆಳೆಸಿದರು. ಹತ್ತು ಮಾರ್ಕಿನ ಪ್ರಶ್ನೆ. ನಾನೂ ಇದನ್ನ ಉರು ಹೊಡೆದು ಬರೆದು ಪಾಸಾದವನೇ. ಆದರೆ ನಾಟಕ ನೋಡೋದು ಹೇಗೆ ಅಂತ ನನಗೆ ಕಲಿಸಿದ್ದು ನಮ್ಮಜ್ಜಿ ಕೇಳಿದ ಒಂದು ಪ್ರಶ್ನೆ.

ಆಗ ನಾನು ಎಂಟನೆ ಕ್ಲಾಸು. ಸ್ಕೂಲ್ ಡೇಗೆ ಕುವೆಂಪು ಅವರ 'ಜಲಗಾರ' ಆಡಿಸಿದರು. ಪಾತ್ರ ಹಂಚುವಾಗ ಮೇಷ್ಟರು ಒಂದು ಗಳಿಗೆಯೂ ಯೋಚನೆ ಮಾಡಲಿಲ್ಲ. ಜಲಗಾರ ನಾನು. ರೈತ, ಪಾರ್ವರು, ಶಿವ ಎಲ್ಲ ಊರೊಳಗಿನ ಹುಡುಗರು. ಪೊರಕೆ ಮಾತ್ರ ನಿಮ್ಮ ಮನೆಯಿಂದಲೇ ತಗೊಂಡು ಬಾ ಅಂದರು. ನಾಟಕ ಚೆನ್ನಾಗಿಯೇ ಆಯಿತು. ಶಿವನಾದ ಹುಡುಗ ನನ್ನನ್ನು ಅಪ್ಪಿಕೊಂಡಾಗ ಜನ ಚಪ್ಪಾಳೆ ಹೊಡೆದರು. ಎಲ್ಲರ ಹಿಂದೆ ನೆಲದ ಮೇಲೆ ಕೂತು ನೋಡಿದ ಅಜ್ಜಿ, ಕೇರಿಗೆ ವಾಪಸು ಬರುವಾಗ ದಾರಿಯಲ್ಲಿ ಕೇಳಿದಳು: "ಶಿವ ಬಂದ, ತಬ್ಕೊಂಡ, ಆಯ್ತು ಕಣ್ಲಾ. ಮಾರ್ನೆ ದಿನ ಎದ್ದು ಆ ಬೀದಿ ಗುಡಿಸ್ದೋರ್ ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಒಂದು ಕಿರುನಾಟಕವನ್ನು ಓದಿದಾಗ, ನೋಡಿದಾಗ ನಾನು ಮೊದಲು ಕೇಳಿಕೊಳ್ಳೋದು ಇದೇ ಪ್ರಶ್ನೆಯನ್ನ. ಐದು ಅಂಕದ ನಾಟಕ ರಾತ್ರಿಯಿಡೀ ಆಡಿ ನೋಡುವವನನ್ನು ದಣಿಸಿ ಮಲಗಿಸುತ್ತದೆ. ಅರ್ಧ ಗಂಟೆಯ ನಾಟಕ ಹಾಗಲ್ಲ. ಅದು ಮುಗಿದ ಮೇಲೂ ನೋಡಿದವನ ಕೈಯಲ್ಲಿ ಹೊತ್ತು ಉಳಿದಿರುತ್ತೆ.

ಮೊದಲು ಆ ನೋಟ್ಸಿನ ಮಾತು. ಕೈಲಾಸಂ 'ಟೊಳ್ಳುಗಟ್ಟಿ'ಯನ್ನು ಬರೆದದ್ದು 1918ರಲ್ಲಿ. ಕಂಪನಿ ನಾಟಕದ ರಾಜರು ಕಂದ ವೃತ್ತ ಹಾಡುತ್ತಿದ್ದ ಕಾಲದಲ್ಲಿ ಮನೆಯೊಳಗಿನ ಮಾತನ್ನು, ಇಂಗ್ಲಿಷು ಬೆರೆತ ಬೆಂಗಳೂರು ಕನ್ನಡವನ್ನು ರಂಗದ ಮೇಲೆ ತಂದ ಆ ಮನುಷ್ಯನ ಕಿವಿಯನ್ನು ಮೆಚ್ಚಲೇಬೇಕು. ಪುಸ್ತಕದ ಹುಳುವಾದ ಪುಟ್ಟುವನ್ನೂ ಮನೆಯವರ ಕಷ್ಟಕ್ಕೆ ಆಗುವ ಮಾಧುವನ್ನೂ ಅಕ್ಕಪಕ್ಕ ನಿಲ್ಲಿಸಿ, ಪರೀಕ್ಷೆಯ ವಿದ್ಯೆ ಎಷ್ಟು ಟೊಳ್ಳು ಅಂತ ಅವರು ತೋರಿಸಿದರು. ಆದರೆ ಆ ಮನೆಗೆ ಒಂದು ಹೊಸ್ತಿಲು ಇತ್ತು. ಅದರ ಆಚೆ ನಿಂತವರ ಮಕ್ಕಳಿಗೆ ಆ ಟೊಳ್ಳು ವಿದ್ಯೆಯೂ ಸಿಕ್ಕಿರಲಿಲ್ಲ.

ಇನ್ನು ಕಿರುನಾಟಕವೇ ಇಂಗ್ಲಿಷಿನಿಂದ ಬಂತು ಅನ್ನೋ ಮಾತನ್ನ ನಾನು ಒಪ್ಪೋದಿಲ್ಲ. ಹಗಲುವೇಷದವರು ಯಾವ ಇಂಗ್ಲಿಷು ಓದಿದ್ದರು? ಹಾಡೇ ಹಗಲಲ್ಲಿ, ಪರದೆ ಇಲ್ಲದೆ, ಮನೆ ಬಾಗಿಲ ಮುಂದೆ ಒಂದು ಪ್ರಸಂಗ ಆಡಿ, ನಾಳೆ ಇನ್ನೊಂದು ವೇಷ ಹಾಕಿ ಬರುತ್ತಿದ್ದವರು ಅವರು. ನಮ್ಮ ವಿಮರ್ಶಕರು ಅದನ್ನ ಜಾನಪದ ಅಂತ ಬೇರೆ ಗೂಡಿನಲ್ಲಿ ಇಟ್ಟಿದ್ದಾರೆ. ನಾಟಕದ ಇತಿಹಾಸ ಬರೆಯುವಾಗ ಆ ಗೂಡಿನ ಕಡೆ ತಿರುಗಿಯೂ ನೋಡುವುದಿಲ್ಲ.

ಈಗ 'ಜಲಗಾರ'ಕ್ಕೆ ಬರ್ತೀನಿ. 1928. ಹಿಂದಿನ ವರ್ಷ, ಅಂದರೆ 1927ರ ಮಾರ್ಚಿನಲ್ಲಿ, ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದ್ದರು. ಡಿಸೆಂಬರಿನಲ್ಲಿ ಅಲ್ಲೇ ಮನುಸ್ಮೃತಿ ಸುಟ್ಟಿದ್ದರು. ನಾಸಿಕದ ಕಾಳಾರಾಮ ದೇವಸ್ಥಾನದ ಮುಂದೆ ಸತ್ಯಾಗ್ರಹ ಶುರುವಾಗುವುದು 1930ರಲ್ಲಿ. ಇವೆರಡರ ನಡುವೆ, ಮೈಸೂರಿನಲ್ಲಿ, ಇಪ್ಪತ್ತಮೂರು ಇಪ್ಪತ್ತನಾಲ್ಕರ ಒಬ್ಬ ಶೂದ್ರ ಹುಡುಗ ಜಾಡಮಾಲಿಯನ್ನು ನಾಯಕನನ್ನಾಗಿ ಮಾಡಿ ನಾಟಕ ಬರೆದ. ಆ ಎದೆಗಾರಿಕೆ ಸಣ್ಣದಲ್ಲ. ಕನ್ನಡದಲ್ಲಿ ರಾಜರೂ ದೇವರೂ ಆಡಿದ ಸರಳರಗಳೆಯನ್ನು ಪೊರಕೆ ಹಿಡಿದವನ ಬಾಯಿಗೆ ಕೊಟ್ಟದ್ದು ಅದಕ್ಕಿಂತ ದೊಡ್ಡದು.

ನಾಟಕ ಎಷ್ಟು ಸರಳ ನೋಡಿ. ಬೆಳಗಿನ ಹೊತ್ತು, ಬೀದಿ, ಗುಡಿಸುತ್ತಿರುವ ಒಬ್ಬ. ಶಿವನ ಗುಡಿಗೆ ಹೊರಟ ರೈತ ಅವನನ್ನು ಕರೆಯುತ್ತಾನೆ. ಗುಡಿಯ ಬಾಗಿಲು ತನ್ನಂಥವನಿಗೆ ಅಲ್ಲ ಅಂತ ಜಲಗಾರನಿಗೆ ಗೊತ್ತು. ಪಾರ್ವರು ಬರುತ್ತಾರೆ, ಹೋಗುತ್ತಾರೆ. ಕೊನೆಗೆ ಶಿವನೇ ಜಲಗಾರನ ವೇಷದಲ್ಲಿ ಬರುತ್ತಾನೆ, ತಾನು ಜಗತ್ತಿನ ಕಸ ತೊಳೆಯುವವನು ಅನ್ನುತ್ತಾನೆ. ಜಲಗಾರನನ್ನು ಗುಡಿಯೊಳಕ್ಕೆ ಕರೆದುಕೊಂಡು ಹೋಗುವುದು ಸುಧಾರಕರ ದಾರಿ. ಕುವೆಂಪು ದೇವರನ್ನೇ ಬೀದಿಗೆ ಇಳಿಸಿದರು. ಅಲ್ಲಿಗೆ ಗುಡಿ ಖಾಲಿಯಾಯಿತು. ಜಾತ್ರೆಗೆ ಬಂದವರೆಲ್ಲ ಖಾಲಿ ಗುಡಿಗೆ ಕೈ ಮುಗಿಯುತ್ತಿದ್ದಾರೆ ಅನ್ನೋದು ಈ ನಾಟಕದ ನಿಜವಾದ ಏಟು. ಪಾಠ ಮಾಡುವವರು ಇದನ್ನು ಬಿಟ್ಟು 'ಕಾಯಕದ ಮಹತ್ವ' ಅಂತ ಬರೆಸುತ್ತಾರೆ.

ಆ ಕಾಯಕದ ಮಾತಿನಲ್ಲೇ ಅಜ್ಜಿಯ ಪ್ರಶ್ನೆ ಇರೋದು. ಗುಡಿಸೋದೇ ಪೂಜೆ ಅಂತ ಆದರೆ ಪೊರಕೆ ಯಾವ ಕಾಲಕ್ಕೂ ಕೈ ಬದಲಾಯಿಸುವುದಿಲ್ಲ. 1936ರಲ್ಲಿ ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಆದರ್ಶ ಭಂಗಿ ಹೇಗಿರಬೇಕು ಅಂತ ಬರೆದರು. ಅದೇ ವರ್ಷ ಅಂಬೇಡ್ಕರ್ 'ಜಾತಿ ವಿನಾಶ'ದಲ್ಲಿ, ಜಾತಿ ಬರೀ ಕೆಲಸವನ್ನು ಹಂಚುವುದಿಲ್ಲ, ಕೆಲಸ ಮಾಡುವ ಮನುಷ್ಯರನ್ನೇ ಒಡೆದು ಮೇಲೆ ಕೆಳಗೆ ಇಡುತ್ತದೆ ಎಂದು ತೋರಿಸಿದರು. 'ಜಲಗಾರ'ದಲ್ಲಿ ಈ ಎರಡು ದಾರಿಗಳೂ ಇವೆ, ಎಂಟು ವರ್ಷ ಮೊದಲೇ. ಶಿವ ಇಳಿದು ಬರುವ ಕಡೆ ಒಂದು, ಜಲಗಾರ ತನ್ನ ಕೆಲಸದಲ್ಲೇ ತೃಪ್ತಿ ಪಡುವ ಕಡೆ ಇನ್ನೊಂದು. ನಾಟಕವನ್ನು ಕೈಗೆತ್ತಿಕೊಳ್ಳುವವರು ಯಾವುದನ್ನು ಎತ್ತಿ ಆಡುತ್ತಾರೆ ಅನ್ನೋದರ ಮೇಲೆ ಅದು ನಮ್ಮ ನಾಟಕವೋ ಅವರ ನಾಟಕವೋ ಆಗುತ್ತದೆ.

'ಶೂದ್ರ ತಪಸ್ವಿ' (1944) ಈ ತೃಪ್ತಿಯನ್ನು ಬಿಟ್ಟುಕೊಟ್ಟ ನಾಟಕ. ಶಂಬೂಕನನ್ನು ಕೊಲ್ಲಲು ಬಿಟ್ಟ ಅಸ್ತ್ರ ಅವನಿಗೆ ನಮಸ್ಕಾರ ಮಾಡಿ ದೂರು ತಂದ ಬ್ರಾಹ್ಮಣನ ಕಡೆ ತಿರುಗುತ್ತದೆ. ಪುರಾಣವನ್ನು ಹೀಗೆ ತಿದ್ದಬಾರದು ಅಂತ ಮಾಸ್ತಿಯವರು ಆಕ್ಷೇಪಿಸಿದರು, ಕುವೆಂಪು ಉತ್ತರ ಕೊಟ್ಟರು. ಒಂದು ಸಣ್ಣ ನಾಟಕಕ್ಕೆ ಅಷ್ಟು ದೊಡ್ಡ ಜಗಳ ಆಯಿತು ಅಂದರೆ ಅದು ಎಲ್ಲೋ ಸರಿಯಾದ ಕಡೆಯೇ ಚುಚ್ಚಿದೆ.

ಆಮೇಲೆ ನವ್ಯರ ಕಾಲ. ಆ ಅಸಂಗತ ನಾಟಕಗಳಲ್ಲಿ ಮಾತಿನ ಚುರುಕಿದೆ. ಆದರೆ ಹೊಟ್ಟೆ ತುಂಬಿದವನ ಬೇಸರದ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ಒಂದು ಮಾತು ಮಾತ್ರ ಹೇಳಬೇಕು. 'ಕೊಡೆಗಳು' ಬರೆದ ಚಂಪಾ ಅಲ್ಲೇ ನಿಲ್ಲಲಿಲ್ಲ. ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡರು, ಬಂಡಾಯದ ಕಡೆ ಬಂದರು. ನಾಟಕಕಾರ ತಾನು ಬರೆದ ನಾಟಕಕ್ಕಿಂತ ಮುಂದೆ ಹೋಗುವುದು ಅಪರೂಪ.

1975ರಲ್ಲಿ ಬೆಂಗಳೂರಿನಲ್ಲಿ 'ಸಮುದಾಯ' ಹುಟ್ಟಿತು. 1979ರ ಮಾರ್ಚಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯ ಮೊದಲ ಸಮ್ಮೇಳನ ನಡೆಯಿತು. ಸಿದ್ಧಲಿಂಗಯ್ಯನವರು ಹಾಡು ಬರೆದ ಕೈಯಲ್ಲೇ 'ಪಂಚಮ', 'ನೆಲಸಮ', 'ಏಕಲವ್ಯ' ನಾಟಕಗಳನ್ನು ಬರೆದರು. ಏಕಲವ್ಯನ ಕತೆಯನ್ನು ಕುವೆಂಪು 1947ರಲ್ಲೇ 'ಬೆರಳ್‌ಗೆ ಕೊರಳ್' ಮಾಡಿದ್ದರು. ಅದೇ ಕತೆ ಹೆಬ್ಬೆರಳು ಕಳಕೊಂಡವರ ಕೇರಿಯಿಂದಲೇ ಎದ್ದು ಬಂದಾಗ, ನೋಡುವವನು ದ್ರೋಣನ ಧರ್ಮಸಂಕಟಕ್ಕೆ ಕರಗುವುದು ಕಷ್ಟ.

ಈ ಕಾಲದ ನಾಟಕಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಸಿ.ಜಿ. ಕೃಷ್ಣಸ್ವಾಮಿಯವರು ಸಮುದಾಯಕ್ಕೆ ಮಾಡಿಸಿದ ಬೀದಿನಾಟಕ 'ಬೆಲ್ಚಿ'. ಬೆಲ್ಚಿ ಬಿಹಾರದ ಪಾಟ್ನಾ ಜಿಲ್ಲೆಯ ಹಳ್ಳಿ. 1977ರ ಮೇ 27ರಂದು ಅಲ್ಲಿ ಹನ್ನೊಂದು ಜನರನ್ನು ಕೊಂದು ಬೆಂಕಿಗೆ ಹಾಕಿದರು. ಅವರಲ್ಲಿ ಎಂಟು ಮಂದಿ ದಲಿತರು. ಕೊಂದವರ ಮುಂದಾಳುಗಳು ಬ್ರಾಹ್ಮಣರಾಗಿರಲಿಲ್ಲ. ನೆಲ ಇದ್ದ ಕುರ್ಮಿ ಜಾತಿಯವರು, ನಮ್ಮ ಲೆಕ್ಕದಲ್ಲಿ ಹಿಂದುಳಿದವರು. 'ಜಲಗಾರ'ದಲ್ಲಿ ಜಾತ್ರೆಗೆ ಬಾ ಅಂತ ಪ್ರೀತಿಯಿಂದ ಕರೆದ ರೈತ ಇದ್ದನಲ್ಲ, ಐವತ್ತು ವರ್ಷಕ್ಕೆ ಅವನ ಕೈಯಲ್ಲಿ ನೆಲವೂ ಬಂದೂಕೂ ಬಂದಿತ್ತು. ಶೂದ್ರ ಗೆಳೆಯರಿಗೆ ಈ ಮಾತು ಕಹಿ ಅನ್ನಿಸಬಹುದು. ಆದರೂ ಹೇಳಲೇಬೇಕು.

ಬೀದಿನಾಟಕದ ಬಗ್ಗೆ ಪಂಡಿತರ ತಕರಾರು ನಮಗೆಲ್ಲ ಗೊತ್ತು: ಅದರಲ್ಲಿ ಕಲೆ ಇಲ್ಲ, ಬರೀ ಘೋಷಣೆ. ಸ್ವಾಮಿ, ಬೀದಿಗೆ ಟಿಕೇಟು ಇಲ್ಲ, ಬಾಗಿಲು ಇಲ್ಲ. ಬೇಜಾರಾದವನು ಎದ್ದು ಹೋಗೋದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಕೂಲಿ ಮುಗಿಸಿ ಬಂದ ಹೆಂಗಸು ಒಲೆ ಹಚ್ಚೋ ಹೊತ್ತಿಗೆ ಮುಂಚೆ ನಿಂತು ನೋಡಬೇಕು. ಅಂಥವಳನ್ನು ಇಪ್ಪತ್ತು ನಿಮಿಷ ನಿಲ್ಲಿಸೋದಕ್ಕೆ ಎಷ್ಟು ಕಸುಬು ಬೇಕು ಅಂತ ಕಲಾಕ್ಷೇತ್ರದ ಕುರ್ಚಿಯಲ್ಲಿ ಕೂತವರಿಗೆ ತಿಳಿಯೋದು ಕಷ್ಟ. ದಿಲ್ಲಿಯ ಜನ ನಾಟ್ಯ ಮಂಚ್ 1978ರಲ್ಲಿ ಆಡಿದ 'ಮಷೀನ್' ಹದಿಮೂರು ನಿಮಿಷದ್ದು. ಸೈಕಲ್ ಸ್ಟ್ಯಾಂಡು, ಕ್ಯಾಂಟೀನು ಕೇಳಿದ ಕಾರ್ಮಿಕರ ಮೇಲೆ ಗುಂಡು ಹಾರಿದ ಘಟನೆ ಅದರ ಬೇರು. ನಟರೇ ಸೇರಿ ಯಂತ್ರವಾಗುತ್ತಾರೆ, ಆ ಯಂತ್ರ ನಿಂತು ಹೋಗುತ್ತದೆ. ಯಾವ ರಂಗಸಜ್ಜಿಕೆಯೂ ಇಲ್ಲ.

ಅದೇ ತಂಡದ ಸಫ್ದರ್ ಹಾಶ್ಮಿಯವರ ಮೇಲೆ 1989ರ ಜನವರಿ 1ರಂದು ಸಾಹಿಬಾಬಾದಿನಲ್ಲಿ 'ಹಲ್ಲಾ ಬೋಲ್' ಆಡುವಾಗ ದಾಳಿಯಾಯಿತು. ಮಾರನೆ ದಿನ ಅವರು ತೀರಿಕೊಂಡರು. ರಾಮ್ ಬಹಾದ್ದೂರ್ ಎಂಬ ಕಾರ್ಮಿಕನೂ ಆ ದಾಳಿಯಲ್ಲಿ ಸತ್ತ. ಜನವರಿ 4ಕ್ಕೆ ಸಫ್ದರ್ ಅವರ ಹೆಂಡತಿ ಮಾಲಯಶ್ರೀ ಮತ್ತು ಗೆಳೆಯರು ಅದೇ ಜಾಗಕ್ಕೆ ಹೋಗಿ ನಿಂತುಹೋಗಿದ್ದ ನಾಟಕವನ್ನು ಆಡಿ ಮುಗಿಸಿದರು. ಅಜ್ಜಿಯ ಪ್ರಶ್ನೆಗೆ ನಾಟಕದವರು ಕೊಟ್ಟ ಉತ್ತರಗಳಲ್ಲಿ ನನಗೆ ಗೊತ್ತಿರುವ ದೊಡ್ಡ ಉತ್ತರ ಇದು.

ಆದರೆ 'ಬೆಲ್ಚಿ'ಯ ಮಾರನೆ ದಿನ? ಆ ಪ್ರಕರಣದಲ್ಲಿ ಇಬ್ಬರಿಗೆ 1983ರಲ್ಲಿ ಗಲ್ಲಾಯಿತು. ಕರ್ನಾಟಕದ ಬೀದಿ ಬೀದಿಯಲ್ಲಿ ಆ ನಾಟಕ ನೋಡಿ, ಬಿಹಾರದಲ್ಲಿ ಹಿಂಗೆಲ್ಲ ಆಗುತ್ತೆ ಅಂತ ಲೊಚಗುಟ್ಟಿದೆವು. 2000ದ ಮಾರ್ಚ್ 11ರಂದು ನಮ್ಮ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಆ ಬೀದಿನಾಟಕ ಸೋತಿತೆ? ನಾಟಕಕ್ಕೆ ಕೋರ್ಟಿನ ಕೆಲಸ ಹೊರಿಸುವುದು ತಪ್ಪು. ಬೆಲ್ಚಿ ಅನ್ನೋ ಹೆಸರು ನನ್ನ ವಯಸ್ಸಿನವನ ನಾಲಿಗೆ ಮೇಲೆ ಉಳಿದಿರುವುದೇ ಆ ನಾಟಕದಿಂದ. ಕಂಬಾಲಪಲ್ಲಿ ಅಂದರೆ ಈಗಿನ ಕಾಲೇಜು ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತು, ಕೇಳಿ ನೋಡಿ.

ಜಲಗಾರನ ಕತೆಯೂ ಮುಗಿದಿಲ್ಲ. ಮಲ ಹೊರುವುದನ್ನು ನಿಲ್ಲಿಸಬೇಕು ಅಂತ ಅರಸು ಸಂಪುಟದಲ್ಲಿದ್ದ ಬಸವಲಿಂಗಪ್ಪನವರು ಎಪ್ಪತ್ತರ ದಶಕದ ಮೊದಲಲ್ಲೇ ಹೊರಟರು. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು. ನಡುವೆ 2010ರ ಜುಲೈನಲ್ಲಿ ಸವಣೂರಿನ ಭಂಗಿ ಜನ, ಇರುವ ಜಾಗದಿಂದ ಎಬ್ಬಿಸಲು ಬಂದದ್ದನ್ನು ವಿರೋಧಿಸಿ, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ಅದನ್ನು ನಾಟಕ ಅನ್ನಲು ನನ್ನ ಬಾಯಿ ಬರುವುದಿಲ್ಲ. ಆದರೆ ಪೇಪರಿನಲ್ಲಿ ಅದರ ಫೋಟೋ ನೋಡಿದ ಮೇಲೆ 'ಜಲಗಾರ'ದ ಶಿವನನ್ನು ಮೊದಲಿನ ಹಾಗೆ ನೋಡಲು ನನಗೆ ಆಗಿಲ್ಲ.

ಈಗಿನವರಲ್ಲಿ ದು. ಸರಸ್ವತಿಯವರನ್ನು ಮರೆಯಬಾರದು. ಪೌರಕಾರ್ಮಿಕರ ಜೊತೆ ಹೋರಾಟದಲ್ಲಿ ನಿಂತವರು ಅವರು. ಅವರ 'ಸಣ್ತಿಮ್ಮಿ ರಾಮಾಯಣ'ದಲ್ಲಿ ಒಬ್ಬಳೇ ಹೆಂಗಸು ತನ್ನ ಆಡುಮಾತಿನಲ್ಲಿ ರಾಮಾಯಣ ಹೇಳುತ್ತಾಳೆ. ತಂಡ ಬೇಡ, ಲೈಟು ಬೇಡ, ಶಾಲೆಯ ಜಗುಲಿ ಸಾಕು. ಅದರ ನಗುವಿನಲ್ಲಿ ಯಾರನ್ನೂ ಮೆಚ್ಚಿಸುವ ಹಂಗಿಲ್ಲ. ಇಷ್ಟು ದಿನ ಬೇರೆಯವರು ಬರೆದುಕೊಟ್ಟ ಮಾತನ್ನು ನಾವು ಒಪ್ಪಿಸುತ್ತಿದ್ದೆವು, ನಾನು ಎಂಟನೆ ಕ್ಲಾಸಿನಲ್ಲಿ ಒಪ್ಪಿಸಿದ ಹಾಗೆ. ಸಣ್ತಿಮ್ಮಿ ಬಾಯಿಪಾಠ ಒಪ್ಪಿಸುವವಳ ಹಾಗೆ ಕಾಣುವುದೇ ಇಲ್ಲ.

ಹಳ್ಳಿಗಳಲ್ಲಿ ಪಾಠ ಮಾಡುವ ಗೆಳೆಯರಿಗೆ ಒಂದು ಕೋರಿಕೆ. 'ಜಲಗಾರ' ಆಡಿಸಿ, ಬಿಡಬೇಡಿ. ಪಾತ್ರ ಹಂಚುವಾಗ ಮಾತ್ರ ಸ್ವಲ್ಪ ತಡೆಯಿರಿ. ಹೋದ ವರ್ಷ ನಾವು ನಾಲ್ಕು ಜನ ಸೇರಿ ನಮ್ಮೂರಿನಲ್ಲಿ ಆಡಿಸಿದೆವು. ಶಿವನ ಪಾತ್ರ ಕೇರಿಯ ಹುಡುಗನಿಗೆ, ಜಲಗಾರ ಊರೊಳಗಿನ ಹುಡುಗ. ಪ್ರಾಕ್ಟೀಸಿನಲ್ಲಿ ಅವನು ಪೊರಕೆಯನ್ನ ಕ್ರಿಕೆಟ್ ಬ್ಯಾಟು ಹಿಡಿದ ಹಾಗೆ ಹಿಡಿದ. ಜಗುಲಿ ಮೇಲೆ ಕೂತಿದ್ದ ಅಜ್ಜಿ ನಕ್ಕು ನಕ್ಕು, "ಸೊಂಟ ಬಗ್ಸಪ್ಪಾ, ಕಸ ನಿನ್ ಕಡೀಕ್ ಬರಲ್ಲ" ಅಂತ ತಾನೇ ಎದ್ದು ಬಂದು ತೋರಿಸಿಕೊಟ್ಟಳು. ಮೊದಲನೆ ಪ್ರದರ್ಶನ ಆಯಿತು. ಎರಡನೆಯದಕ್ಕೆ ಅವರಪ್ಪ ಅವನನ್ನು ಕಳಿಸಲಿಲ್ಲ. ನಾನೇ ಪೊರಕೆ ಹಿಡಿದೆ, ಮತ್ತೆ. ಮೂರನೆಯದಕ್ಕೆ, ಪಕ್ಕದ ಊರಿನಲ್ಲಿ, ಇನ್ನೇನು ತಮಟೆ ಬಡಿಯಬೇಕು ಅನ್ನುವಷ್ಟರಲ್ಲಿ, ಆ ಹುಡುಗ ಮನೆಯಲ್ಲಿ ಹೇಳದೆ ಸೈಕಲ್ ತುಳಿದುಕೊಂಡು ಬಂದ.