ಗೌರಿಬಿದನೂರಿನ ರೇಡಿಯೊ ಬಯಲು

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಗೌರಿಬಿದನೂರಿನ ಬಳಿ, ಸೂರ್ಯ, ತಾರೆ ಮತ್ತು ಆಕಾಶಗಂಗೆಗಳಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿಯುವ ವೀಕ್ಷಣಾಲಯವಿದೆ. 1976ರಲ್ಲಿ ಅದು ಕೆಲಸ ಆರಂಭಿಸಿದಾಗ ಈ ಊರು ಕೋಲಾರ ಜಿಲ್ಲೆಯಲ್ಲಿತ್ತು. 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ವೀಕ್ಷಣಾಲಯವನ್ನು ಕಟ್ಟಿದ್ದು ಬೆಂಗಳೂರಿನ ಎರಡು ಸಂಸ್ಥೆಗಳು: ಭಾರತೀಯ ಖಗೋಳಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ.

ಎರಡೂ ಸಂಸ್ಥೆಗಳು ಆಗ ಹೊಸ ಹಾದಿ ಹಿಡಿದಿದ್ದವು. 1899ರಲ್ಲಿ ಕೊಡೈಕೆನಾಲ್‌ನಲ್ಲಿ ನೆಲೆಗೊಂಡ ಸೌರ ವೀಕ್ಷಣಾಲಯದಿಂದ ಬೆಳೆದ ಖಗೋಳಭೌತ ಸಂಸ್ಥೆ, ವೇಣು ಬಾಪು ಅವರ ನೇತೃತ್ವದಲ್ಲಿ 1971ರಲ್ಲಿ ಸ್ವಾಯತ್ತವಾಗಿ, ಆ ದಶಕದಲ್ಲೇ ತನ್ನ ಕೇಂದ್ರವನ್ನು ಬೆಂಗಳೂರಿಗೆ ತಂದಿತು. ಸಿ.ವಿ. ರಾಮನ್ 1948ರಲ್ಲಿ ಸ್ಥಾಪಿಸಿದ ಸಂಸ್ಥೆಗೆ 1972ರಲ್ಲಿ ವಿ. ರಾಧಾಕೃಷ್ಣನ್ ನಿರ್ದೇಶಕರಾಗಿ ಬಂದು ರೇಡಿಯೊ ಖಗೋಳವಿಜ್ಞಾನಕ್ಕೆ ಅಲ್ಲಿ ಬಲವಾದ ಬುನಾದಿ ಹಾಕಿದರು. ಕೊಡೈಕೆನಾಲ್‌ನಲ್ಲಿ ಸೂರ್ಯನ ರೇಡಿಯೊ ಸ್ಫೋಟಗಳನ್ನು ದೀರ್ಘ ತರಂಗಾಂತರಗಳಲ್ಲಿ ಅಭ್ಯಸಿಸಿದ್ದ ಸಿ.ವಿ. ಶಾಸ್ತ್ರಿ ಅವರ ಅನುಭವ ಗೌರಿಬಿದನೂರಿನ ಯೋಜನೆಗೆ ಆಧಾರವಾಯಿತು.

ಅಲ್ಲಿ ಆರಿಸಿಕೊಂಡ ಆವರ್ತನ 34.5 ಮೆಗಾಹರ್ಟ್ಸ್, ತರಂಗಾಂತರ ಸುಮಾರು 8.7 ಮೀಟರ್. ಈ ಅಲೆಗಳಲ್ಲಿ ಆಕಾಶ ನೋಡುವುದು ಸುಲಭವಲ್ಲ. ಇನ್ನೂ ಕೆಳಗೆ, ಸುಮಾರು 10 ಮೆಗಾಹರ್ಟ್ಸ್‌ಗಿಂತ ಕಡಿಮೆ ಆವರ್ತನಕ್ಕೆ ಹೋದರೆ ಭೂಮಿಯ ಅಯಾನುಗೋಳವೇ ಅಲೆಗಳನ್ನು ತಡೆಯುತ್ತದೆ. 34.5ರಲ್ಲಿಯೂ ಅಯಾನುಗೋಳ ಅವುಗಳನ್ನು ಬಾಗಿಸಿ ಕದಡುತ್ತದೆ. ಮನುಷ್ಯರ ರೇಡಿಯೊ ಪ್ರಸಾರಗಳ ಗದ್ದಲವೂ ನಡುವೆ ನುಸುಳುತ್ತದೆ. ನಗರದಿಂದ ದೂರದ ಬಯಲನ್ನು ಆರಿಸಲು ಇದೂ ಒಂದು ಕಾರಣ. ಅಲೆ ಉದ್ದವಾದಷ್ಟೂ ಆಕಾಶದ ವಿವರಗಳನ್ನು ಬೇರ್ಪಡಿಸಿ ನೋಡಲು ಉಪಕರಣ ವಿಶಾಲವಾಗಿರಬೇಕು. ಅಷ್ಟು ದೊಡ್ಡ ಲೋಹದ ಬೋಗುಣಿ ಕಟ್ಟುವುದು ಅಸಾಧ್ಯ. ಆದರೆ ಉದ್ದ ಅಲೆಗಳನ್ನು ಹಿಡಿಯಲು ಬೋಗುಣಿಯ ನುಣುಪು ಮೈ ಬೇಕಿಲ್ಲ. ಕಂಬಗಳಿಗೆ ಕಟ್ಟಿದ ತಂತಿಯ ಸರಳ ಆಂಟೆನಾಗಳು, ಅಂದರೆ ಡೈಪೋಲ್‌ಗಳು, ಸಾಕು. ಕಡಿಮೆ ಖರ್ಚಿನಲ್ಲಿ ಜಗತ್ತಿನ ದೊಡ್ಡ ದೂರದರ್ಶಕಗಳ ಸಾಲಿಗೆ ಸೇರುವ ದಾರಿ ಹೀಗೆ ತೆರೆಯಿತು.

ಇಂಗ್ಲಿಷ್‌ನ ‘ಟಿ’ ಅಕ್ಷರದ ಆಕಾರದಲ್ಲಿ 1000 ಡೈಪೋಲ್‌ಗಳನ್ನು ನೆಟ್ಟರು. ಪೂರ್ವ–ಪಶ್ಚಿಮದ ತೋಳಿನ ಉದ್ದ ಸುಮಾರು 1.4 ಕಿಲೋಮೀಟರ್, ಅದರಲ್ಲಿ 640 ಡೈಪೋಲ್‌ಗಳು. ದಕ್ಷಿಣದ ತೋಳು ಸುಮಾರು 450 ಮೀಟರ್, ಅದರಲ್ಲಿ 360. ಉದ್ದನೆಯ ತೋಳು ಆಕಾಶವನ್ನು ಪೂರ್ವ–ಪಶ್ಚಿಮವಾಗಿ ಸೂಕ್ಷ್ಮವಾಗಿ ವಿಂಗಡಿಸುತ್ತದೆ, ದಕ್ಷಿಣದ್ದು ಉತ್ತರ–ದಕ್ಷಿಣವಾಗಿ. ಎರಡರ ಸಂಕೇತಗಳನ್ನು ಗುಣಿಸಿದಾಗ ಎರಡಕ್ಕೂ ಸಾಮಾನ್ಯವಾದ ಸಣ್ಣ ತುಣುಕು ಮಾತ್ರ ಉಳಿಯುತ್ತದೆ. ನೆತ್ತಿಯ ಬಳಿ ಆ ತುಣುಕಿನ ಅಳತೆ 26 ಕಲೆ (ಡಿಗ್ರಿಯ 60ನೆಯ ಒಂದು ಭಾಗವೇ ಒಂದು ಕಲೆ) ಅಗಲ, 42 ಕಲೆ ಉದ್ದ. ಅಂದರೆ ಹುಣ್ಣಿಮೆಯ ಚಂದ್ರನ ಗಾತ್ರಕ್ಕೆ ಹತ್ತಿರ. ನೆಲಕ್ಕೆ ನೆಟ್ಟ ಈ ಉಪಕರಣ ಕದಲುವುದಿಲ್ಲ. ಡೈಪೋಲ್‌ಗಳ ಸಂಕೇತಗಳನ್ನು ಕೂಡಿಸುವಾಗ ಅವುಗಳ ನಡುವಿನ ಕ್ಷಣಾಂಶದ ಅಂತರವನ್ನು ವಿದ್ಯುತ್ ಮಂಡಲಗಳಲ್ಲಿ ಬದಲಿಸಿ ನೋಟವನ್ನು ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿಸುತ್ತಾರೆ. ಪೂರ್ವದಿಂದ ಪಶ್ಚಿಮಕ್ಕೆ ಆಕಾಶವನ್ನು ಸಾಗಿಸುವ ಕೆಲಸ ಭೂಮಿಯ ತಿರುಗುವಿಕೆಯದು. ಒಂದೇ ಆಕರವನ್ನು ಕೆಲ ಹೊತ್ತು ಹಿಂಬಾಲಿಸುವ ವ್ಯವಸ್ಥೆಯನ್ನು ಮುಂದೆ ಸೇರಿಸಲಾಯಿತು.

ಈ ದೂರದರ್ಶಕದ ಅತಿ ದೊಡ್ಡ ಕೊಡುಗೆ ಆಕಾಶದ ನಕ್ಷೆ. ಗೌರಿಬಿದನೂರಿನ ಅಕ್ಷಾಂಶ 13.6 ಡಿಗ್ರಿ ಉತ್ತರ. ಉತ್ತರ ಯೂರೋಪಿನಿಂದ ದಿಗಂತದ ಅಂಚಿನಲ್ಲಿ ಮಾತ್ರ ಕಾಣುವ ಆಕಾಶಗಂಗೆಯ ನಡುಭಾಗ ಇಲ್ಲಿ 45 ಡಿಗ್ರಿಗೂ ಎತ್ತರಕ್ಕೆ ಏರುತ್ತದೆ. ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯ ಶಂಕರ್ 1990ರಲ್ಲಿ ಪ್ರಕಟಿಸಿದ ಸಮೀಕ್ಷೆ, ಖಗೋಳ ವಿಷುವದ್ವೃತ್ತದಿಂದ ದಕ್ಷಿಣಕ್ಕೆ 50 ಡಿಗ್ರಿಯಿಂದ ಹಿಡಿದು ಉತ್ತರಕ್ಕೆ 70 ಡಿಗ್ರಿಯವರೆಗಿನ ಆಕಾಶವನ್ನು ಒಳಗೊಂಡಿತ್ತು. ಆಕಾಶಗಂಗೆಯ ಕಾಂತಕ್ಷೇತ್ರಗಳಲ್ಲಿ ಸುತ್ತುವ ವೇಗದ ಎಲೆಕ್ಟ್ರಾನ್‌ಗಳು ಈ ಆವರ್ತನದಲ್ಲಿ ಪ್ರಬಲವಾಗಿ ಹೊರಸೂಸುತ್ತವೆ. ಎಳೆಯ, ಬಿಸಿ ತಾರೆಗಳ ಸುತ್ತ ಅಯಾನುಗೊಂಡ ಅನಿಲವಾದರೋ ಅದೇ ಅಲೆಗಳನ್ನು ಹೀರುತ್ತದೆ. ಆದ್ದರಿಂದ ಹೆಚ್ಚಿನ ಆವರ್ತನದಲ್ಲಿ ಬೆಳಗುವ ನೀಹಾರಿಕೆಗಳು ಇಲ್ಲಿ ಮಂಕು ತಾಣಗಳಾಗಿ ಕಾಣುತ್ತವೆ. ನೀಹಾರಿಕೆ ತನ್ನ ಹಿಂದಿನ ಅಲೆಗಳನ್ನು ತಡೆದಾಗ ಮುಂದಿನವು ಮಾತ್ರ ಉಳಿಯುವುದರಿಂದ, ಆಕಾಶಗಂಗೆಯ ಹೊರಸೂಸುವಿಕೆ ಎಷ್ಟು ದೂರದಿಂದ ಎಷ್ಟು ಬರುತ್ತಿದೆ ಎಂದು ಲೆಕ್ಕ ಹಾಕಲು ಸಾಧ್ಯವಾಗುತ್ತದೆ.

ತಾರೆಗಳ ನಡುವಿನ ತಂಪು ಅನಿಲವನ್ನೂ ಇಲ್ಲಿ ಅಳೆದರು. ಸುಮಾರು 11,000 ಜ್ಯೋತಿರ್ವರ್ಷ ದೂರದ ಕ್ಯಾಸಿಯೋಪಿಯ-ಎ ಎಂಬ ಸೂಪರ್ನೋವಾ ಅವಶೇಷದ ಮುಂದಿರುವ ಇಂಗಾಲದ ಪರಮಾಣುಗಳು 34.5 ಮೆಗಾಹರ್ಟ್ಸ್ ಬಳಿ ಕ್ಷೀಣವಾದ ಹೀರಿಕೆ ರೇಖೆಯನ್ನು ಮೂಡಿಸುತ್ತವೆ. ಆ ಪರಮಾಣುಗಳ ಹೊರ ಎಲೆಕ್ಟ್ರಾನ್ ಸುಮಾರು 575ನೆಯ ಮಟ್ಟದಲ್ಲಿರುತ್ತದೆ. ಪರಮಾಣು ಸಾಮಾನ್ಯ ಗಾತ್ರಕ್ಕಿಂತ ಲಕ್ಷಾಂತರ ಪಟ್ಟು ಹಿಗ್ಗಿರುತ್ತದೆ. ಭೂಮಿಯ ಪ್ರಯೋಗಾಲಯದಲ್ಲಿ ಹಾಗೆ ಉಳಿಯಲಾರದ ಸ್ಥಿತಿ ಅದು.

ಪಲ್ಸಾರ್‌ಗಳೆಂಬ, ವೇಗವಾಗಿ ತಿರುಗುವ ತಾರೆಗಳ ಮಿಡಿತವನ್ನು ಇಷ್ಟು ಕಡಿಮೆ ಆವರ್ತನದಲ್ಲಿ ಹಿಡಿಯುವ ಪ್ರಯತ್ನವೂ ಇಲ್ಲಿ ನಡೆಯಿತು. ತಾರೆಗಳ ನಡುವಿನ ಎಲೆಕ್ಟ್ರಾನ್‌ಗಳು ಈ ಅಲೆಗಳನ್ನು ತೀವ್ರವಾಗಿ ತಡವಾಗಿಸಿ ಹರಡುವುದರಿಂದ ಮಿಡಿತ ಮಸುಕಾಗುತ್ತದೆ. ಅದನ್ನು ಮತ್ತೆ ಜೋಡಿಸುವ ವಿಧಾನಗಳನ್ನು ಅವಿನಾಶ್ ದೇಶಪಾಂಡೆ ಮತ್ತು ಸಂಗಡಿಗರು ರೂಪಿಸಿದರು. ಹಿಂದೆ ದಾಖಲಿಸಿಟ್ಟ ಇಲ್ಲಿನ ದತ್ತಾಂಶದಲ್ಲೇ, ಫರ್ಮಿ ಉಪಗ್ರಹ ಗಾಮಾ ಕಿರಣಗಳಲ್ಲಿ ಪತ್ತೆಹಚ್ಚಿದ ಜೆ1732−3131 ಎಂಬ ಪಲ್ಸಾರ್‌ನ ರೇಡಿಯೊ ಮಿಡಿತ ಸಿಕ್ಕಿರಬಹುದೆಂದು 2012ರಲ್ಲಿ ವರದಿ ಮಾಡಲಾಯಿತು.

ಇಲ್ಲಿ ಕಲಿತದ್ದು ಸಮುದ್ರ ದಾಟಿಯೂ ಹೋಯಿತು. ಎರಡೂ ಸಂಸ್ಥೆಗಳು ಮಾರಿಷಸ್ ವಿಶ್ವವಿದ್ಯಾಲಯದೊಡನೆ ಸೇರಿ ಆ ದ್ವೀಪದಲ್ಲಿ ಸುಮಾರು 150 ಮೆಗಾಹರ್ಟ್ಸ್‌ನ ದೂರದರ್ಶಕವನ್ನು 1990ರ ದಶಕದಲ್ಲಿ ಕಟ್ಟಿ, ದಕ್ಷಿಣದ ಆಕಾಶವನ್ನು ಸಮೀಕ್ಷಿಸಿದವು. ಅದೂ ‘ಟಿ’ ಆಕಾರದ್ದೇ.

1997ರಲ್ಲಿ ಗೌರಿಬಿದನೂರಿನಲ್ಲಿ ಸೂರ್ಯನಿಗೇ ಮೀಸಲಾದ ರೇಡಿಯೊಹೀಲಿಯೋಗ್ರಾಫ್ ಕಾರ್ಯಾರಂಭ ಮಾಡಿತು. ಆರ್. ರಮೇಶ್ ಮತ್ತು ಸಂಗಡಿಗರು ಕಟ್ಟಿದ ಈ ಉಪಕರಣದಲ್ಲಿ ಮೊದಲಿಗೆ 192 ಆಂಟೆನಾಗಳಿದ್ದವು. ಮುಂದೆ ಅವುಗಳ ಸಂಖ್ಯೆ ಹೆಚ್ಚಿತು. ಕೆಲಸ ಮಾಡುವುದು 40 ಮೆಗಾಹರ್ಟ್ಸ್‌ನಿಂದ ಮೇಲಿನ ಆವರ್ತನಗಳಲ್ಲಿ. ಸೂರ್ಯನ ಹೊರಕವಚವಾದ ಕರೋನಾದಲ್ಲಿ ಎಲೆಕ್ಟ್ರಾನ್ ಸಾಂದ್ರತೆ ಮೇಲೆ ಹೋದಂತೆ ಇಳಿಯುತ್ತದೆ. ಕಡಿಮೆ ಆವರ್ತನದ ಅಲೆ ಎತ್ತರದ ಪದರದಿಂದ, ಹೆಚ್ಚಿನದು ಕೆಳಗಿನ ಪದರದಿಂದ ಹೊರಡುತ್ತದೆ. ಹೀಗೆ ಆವರ್ತನ ಬದಲಿಸಿದರೆ ಎತ್ತರ ಬದಲಿಸಿದಂತೆ. ಬೆಳಕಿನಲ್ಲಿ ಕರೋನಾವನ್ನು ಕಾಣಲು ಗ್ರಹಣವೋ ಸೂರ್ಯಬಿಂಬವನ್ನು ಮರೆಮಾಡುವ ಉಪಕರಣವೋ ಬೇಕು. ರೇಡಿಯೊದಲ್ಲಿ ಬಿಂಬದ ಎದುರಿನ ಕರೋನಾವನ್ನೂ ಪ್ರತಿದಿನ ನೋಡಬಹುದು. ಸೂರ್ಯನಿಂದ ಸಿಡಿಯುವ ದ್ರವ್ಯರಾಶಿಗಳು, ಅವುಗಳ ಮುಂದೆ ಏಳುವ ಆಘಾತ ಅಲೆಗಳು, ಎಲೆಕ್ಟ್ರಾನ್ ಧಾರೆಗಳು ಹುಟ್ಟಿಸುವ ಕ್ಷಣಿಕ ಸ್ಫೋಟಗಳು ಇಲ್ಲಿನ ನಿತ್ಯದ ಅಧ್ಯಯನ. 2023ರ ಸೆಪ್ಟೆಂಬರ್ 2ರಂದು ಹಾರಿದ, ಸೂರ್ಯನನ್ನು ಅಭ್ಯಸಿಸುವ ಭಾರತದ ನೌಕೆ ಆದಿತ್ಯ-ಎಲ್1ರ ಪ್ರಧಾನ ಕರೋನಾ ಉಪಕರಣವನ್ನು ಕಟ್ಟಿದ್ದೂ ಇದೇ ಖಗೋಳಭೌತ ಸಂಸ್ಥೆ.

ಕಡಿಮೆ ಆವರ್ತನದ ಈ ಪರಿಣತಿ ಈಗ ವಿಶ್ವದ ಆದಿಕಾಲದತ್ತ ತಿರುಗಿದೆ. ಮೊದಲ ತಾರೆಗಳು ಹುಟ್ಟಿದ ಕಾಲದ ಹೈಡ್ರೋಜನ್ ಸಂಕೇತವನ್ನು ಹುಡುಕಲು ರಾಮನ್ ಸಂಸ್ಥೆ ‘ಸರಸ್’ ಎಂಬ ಉಪಕರಣಗಳನ್ನು ರೂಪಿಸಿತು. ನೆಲದಿಂದ ಬರುವ ದೋಷಗಳನ್ನು ತಪ್ಪಿಸಲು 2020ರಲ್ಲಿ ‘ಸರಸ್ 3’ ಅನ್ನು ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನ ಮೇಲೆ ತೇಲಿಬಿಡಲಾಯಿತು. 2018ರಲ್ಲಿ ಬೇರೊಂದು ತಂಡ ಕಂಡೆವೆಂದಿದ್ದ ಸಂಕೇತ ಈ ಅಳತೆಗಳಲ್ಲಿ ಸಿಗಲಿಲ್ಲವೆಂದು 2022ರಲ್ಲಿ ಪ್ರಕಟವಾಯಿತು. ಕರ್ನಾಟಕದ ಕೆರೆ, ಹಿನ್ನೀರುಗಳ ಮೇಲೆ ನಡೆದ ಆ ಅಳತೆಗಳನ್ನು ಮೊದಲ ತಾರೆಗಳ ಚರ್ಚೆ ಈಗ ಗಣನೆಗೆ ತೆಗೆದುಕೊಂಡೇ ಮುಂದುವರಿಯಬೇಕಾಗಿದೆ.