ಮುಯ್ಯಾಳಿನಿಂದ ಸಹಕಾರ ಸಂಘದವರೆಗೆ



ಕಾಯ್ದೆ ಬರುವ ಎಷ್ಟೋ ಮೊದಲೇ ನಮ್ಮ ಹಳ್ಳಿಗಳಲ್ಲಿ ಸಹಕಾರವಿತ್ತು. ನಾಟಿ, ಕಳೆ, ಕೊಯ್ಲು ಬಂತೆಂದರೆ ಮುಯ್ಯಾಳು. ಇಂದು ನಮ್ಮ ಗದ್ದೆಗೆ ಅವರ ಮನೆಯಿಂದ ನಾಲ್ಕು ಆಳು ಬಂದರೆ, ನಾಳೆ ಅವರ ಗದ್ದೆಗೆ ನಾವು ನಾಲ್ಕು ಆಳು. ಒಂದೊಂದೇ ಎತ್ತು ಇದ್ದೋರು ಜೋಡಿ ಕಟ್ಟಿ ಉಳೋರು. ದುಡ್ಡಿನ ಮಾತೇ ಇರಲಿಲ್ಲ, ಲೆಕ್ಕ ಮಾತ್ರ ತಪ್ಪುತ್ತಿರಲಿಲ್ಲ.

ಇನ್ನೊಂದು ಆಯ. ಕಮ್ಮಾರರು ಕುಳ ತಟ್ಟಿ, ಬಡಗಿಗಳು ನೇಗಿಲು ಮಾಡಿ ಕೊಡೋರು. ಸುಗ್ಗಿಯಲ್ಲಿ ಕಣದಲ್ಲೇ ಅವರಿಗೆ ಕಾಳು ಅಳೆಯುತ್ತಿದ್ದರು. ಹನ್ನೆರಡು ಆಯಗಾರರ ಪದ್ಧತಿ ವಿಜಯನಗರದ ಕಾಲದಲ್ಲೇ ಇತ್ತು. ಆದರೆ ನಿಜ ಹೇಳಬೇಕು. ಮುಯ್ಯಿಯಲ್ಲಿ ಇಬ್ಬರೂ ಸಮ. ಆಯದಲ್ಲಿ ಕಸುಬು ಹುಟ್ಟಿನಿಂದ, ಅಳತೆ ಹೊಲದೊಡೆಯನ ಕೈಯಿಂದ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರಾಜ್ಯವು 1961ರ ಕಾಯ್ದೆಯಿಂದ ರದ್ದುಮಾಡಿತು.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಂಘ ಕಟ್ಟಿದರು. ಮುಯ್ಯಿಯ ನಂಬಿಕೆಗೆ ಪುಸ್ತಕದ ಲೆಕ್ಕ ಸೇರಿತು. ಇಲ್ಲಿ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಓಟು.

ಟ್ರಾಕ್ಟರು ಬಂದು ಮುಯ್ಯಾಳು ಕಡಿಮೆಯಾಗಿದೆ, ನಿಜ. ಆದರೂ ಸಂಘದ ಸಾಲ ತೀರಿಸೋದೂ ಮುಯ್ಯಿ ತೀರಿಸಿದ ಹಾಗೇ. ನಾವು ಕಟ್ಟುವ ಕಂತೇ ನಾಳೆ ಇನ್ನೊಬ್ಬ ರೈತನ ಬೀಜ, ಗೊಬ್ಬರ. ಇದನ್ನು ಮರೆಯದಿರೋಣ.