ಬರಿಗಾಲಿನ ಅಹ್ಮದ್ ಖಾನ್

ಕೆಂಗೇರಿಗೆ ಹೋಗುವ ದಾರಿಯಲ್ಲಿ, ಜ್ಞಾನಭಾರತಿ ಆವರಣದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ. ಅಲ್ಲಿರುವ ಆಟಗಾರರ ವಸತಿ, ಊಟ, ತರಬೇತಿಯ ಹೊಣೆ ಸರಕಾರದ್ದು. ಇದಾವುದೂ ಇಲ್ಲದ ಕಾಲದಲ್ಲಿ ಇದೇ ಬೆಂಗಳೂರಿನ ಒಬ್ಬ ಹುಡುಗ ಎರಡು ಒಲಿಂಪಿಕ್ಸ್‌ಗಳಲ್ಲಿ ಫುಟ್ಬಾಲ್ ಆಡಿಬಂದದ್ದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಅಹ್ಮದ್ ಖಾನ್ ಹುಟ್ಟಿದ್ದು 1926ರಲ್ಲಿ. ಅವರು ಶಾಲೆಯ ವಯಸ್ಸಿನಲ್ಲಿದ್ದಾಗಲೇ, 1937 ಮತ್ತು 1938ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. ಊರಿನಲ್ಲಿ ಫುಟ್ಬಾಲಿಗೆ ಅಷ್ಟು ಕಸುವಿತ್ತು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿದ ಭಾರತ ತಂಡದ ಹೆಚ್ಚಿನವರು ಬರಿಗಾಲಿನಲ್ಲಿದ್ದರು. ಎರಡು ಪೆನಾಲ್ಟಿಗಳು ಕೈತಪ್ಪಿದವು. ಬೆಂಗಳೂರಿನವರೇ ಆದ ರಾಮನ್ ಒಂದು ಗೋಲು ಹೊಡೆದರು. ಕೊನೆಯ ನಿಮಿಷಗಳಲ್ಲಿ ಫ್ರಾನ್ಸ್ 2-1ರಿಂದ ಗೆದ್ದಿತು.

ಒಲಿಂಪಿಕ್ಸ್ ಆಡುವವನು ಹವ್ಯಾಸಿಯಾಗಿರಬೇಕೆಂಬುದು ಆಗಿನ ನಿಯಮ. ಆದರೆ ಹವ್ಯಾಸದಿಂದ ಹೊಟ್ಟೆ ತುಂಬುವುದಿಲ್ಲವಲ್ಲ! ಕೋಲ್ಕತ್ತದ ದೊಡ್ಡ ಕ್ಲಬ್ಬುಗಳು ದೂರದೂರಿನ ಆಟಗಾರರನ್ನು ಕರೆಸಿ ಬದುಕಿಗೊಂದು ದಾರಿ ಮಾಡಿಕೊಡುತ್ತಿದ್ದವು. ರಾಜಾಜಿನಗರ ಬಡಾವಣೆಗೆ ಅಡಿಗಲ್ಲು ಬಿದ್ದ 1949ರಲ್ಲೇ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಅಹ್ಮದ್ ಖಾನ್ - ಈ ಐವರನ್ನು ಬಂಗಾಳದ ಜನ ‘ಪಂಚಪಾಂಡವರು’ ಎಂದು ಕರೆದರು. ಪಾಂಡವರಲ್ಲಿ ಒಬ್ಬ ಖಾನ್ ಇದ್ದದ್ದು ಅಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ. ಆ ತಂಡ 1949ರಿಂದ 1951ರವರೆಗೆ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಗೆದ್ದಿತು. 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ಬಂದಾಗಲೂ ಅಹ್ಮದ್ ಖಾನ್ ತಂಡದಲ್ಲಿದ್ದರು.

1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಭಾರತ ಯುಗೊಸ್ಲಾವಿಯಕ್ಕೆ 1-10ರಿಂದ ಸೋತಿತು. ಆ ಒಂದು ಗೋಲು ಅಹ್ಮದ್ ಖಾನ್‌ರದು. ಆಮೇಲೆ ಫುಟ್ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಅದು ಬೇಕಾದ ಕ್ರಮವೇ. ಆದರೆ ಸೋಲಿನ ಹೊಣೆಯನ್ನೆಲ್ಲ ಆಟಗಾರನ ಪಾದದ ಮೇಲೆ ಹೊರಿಸುವುದು ಸರಿಯಲ್ಲ. ನಾಲ್ಕು ವರ್ಷ ಹಿಂದೆ ಫ್ರಾನ್ಸನ್ನು ಬೆವರಿಳಿಸಿದ್ದೂ ಅದೇ ಬರಿಗಾಲುಗಳು. ಆಟಗಾರನಿಗೆ ಬೂಟು, ತರಬೇತಿ, ಅನ್ನ ಒದಗಿಸಬೇಕಾದವರು ಯಾರು ಎಂಬ ಪ್ರಶ್ನೆ ಆಗ ಏಳಲಿಲ್ಲ.

ಅವರ ಕ್ಲಬ್ ಬದುಕು 1959ಕ್ಕೆ ಮುಗಿಯಿತು. ಅರ್ಜುನ ಪ್ರಶಸ್ತಿ ಶುರುವಾದದ್ದು 1961ರಲ್ಲಿ. 2017ರ ಆಗಸ್ಟ್‌ನಲ್ಲಿ ಅವರು ಬೆಂಗಳೂರಿನಲ್ಲೇ ತೀರಿಕೊಂಡರು. ಕೋಲ್ಕತ್ತ ಅವರನ್ನು ನೆನೆಯುತ್ತದೆ, ಏಕೆಂದರೆ ಅವರನ್ನು ಸಾಕಿದ್ದು ಆ ನಗರ. ಹೆತ್ತ ನಗರಕ್ಕೂ ಋಣವಿದೆ. ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಮಕ್ಕಳಾಡುವ ಒಂದು ಮೈದಾನಕ್ಕೆ ಅವರ ಹೆಸರಿಟ್ಟರೆ ಅದು ತೀರಿತೆಂದಲ್ಲ, ಅಷ್ಟಾದರೂ ಆಗಲಿ.